ಕೆಡವಿದ ಮನೆಗಳ ಬಯಲಲ್ಲಿ

ಇಟಲಿಯ ಫ್ಲಾರೆನ್ಸ್‌ನಲ್ಲಿ ಪಲಾಝೊ ವೆಕ್ಕಿಯೊ ಎಂಬ ಹಳೆಯ ಅರಮನೆಯ ಮುಂದೆ ನಿಂತವರೆಲ್ಲ ಕತ್ತೆತ್ತಿ ಗೋಪುರ ನೋಡುತ್ತಾರೆ. ನಾನು ನೆಲ ನೋಡುತ್ತಿದ್ದೆ. ಮಾರ್ಚ್ ತಿಂಗಳ ಕೊನೆಯ ವಾರ, ಬೆಳಗ್ಗೆ ಏಳೂವರೆ. ರಾತ್ರಿ ಬಂದ ಮಳೆಗೆ ಬೂದುಗಲ್ಲಿನ ಹಾಸು ಇನ್ನೂ ಒದ್ದೆಯಾಗಿತ್ತು. ಗುಡಿಸುವ ಗಾಡಿಯೊಂದು ಚೌಕದ ತುಂಬ ಸುತ್ತು ಹಾಕುತ್ತಿತ್ತು.

"ಏನಮ್ಮ, ಏನಾದ್ರೂ ಬೀಳಿಸಿಕೊಂಡ್ಯಾ? ಏನು ಹುಡುಕ್ತಿದ್ದೀಯ?" ಅಂದಳು ಮಗಳು. ಮಿಲಾನ್‌ನಲ್ಲಿ ಓದುತ್ತಿರುವ ಅವಳು ನನಗಾಗಿ ನಾಲ್ಕು ದಿನ ಬಿಡುವು ಮಾಡಿಕೊಂಡು ಬಂದಿದ್ದಳು.

"ಉಬೆರ್ತಿಯವರ ಮನೆ" ಅಂದೆ.

ಮನೆ ಸಿಗುವುದಿಲ್ಲವೆಂದು ಗೊತ್ತಿತ್ತು. ಆ ಮನೆಗಳನ್ನು ಕೆಡವಿ ಏಳೂವರೆ ಶತಮಾನವಾಯಿತು. ಆದರೆ ಅವು ಇದ್ದ ಜಾಗ ಕಣ್ಣ ಮುಂದೆಯೇ ಇತ್ತು. ಅದರ ಮೇಲೆಯೇ ನಾವು ನಿಂತಿದ್ದೆವು.

ಅರಮನೆಯ ಮುಂದಿನ ಈ ಪಿಯಾಝಾ ದೆಲ್ಲಾ ಸಿನ್ಯೋರಿಯಾವನ್ನು ಚೌಕ ಅನ್ನುತ್ತಾರಾದರೂ ಅದಕ್ಕೆ ನಾಲ್ಕು ನೇರ ಬದಿಗಳಿಲ್ಲ. ಅರಮನೆಯ ಎರಡು ಮಗ್ಗುಲಿಗೆ ಮಡಚಿಟ್ಟ ಮೊಣಕೈಯಂತೆ ಅದು ಬಾಗಿದೆ. ಅರಮನೆಯೂ ಸೊಟ್ಟ. ಒಂದು ಮೂಲೆ ಚೂಪು, ಇನ್ನೊಂದು ಅಗಲ. 1299ರಲ್ಲಿ ಇದನ್ನು ಕಟ್ಟಲು ಶುರು ಮಾಡಿದಾಗ ಊರಿನಲ್ಲಿ ದುಡ್ಡಿಗಾಗಲಿ ಒಳ್ಳೆಯ ಶಿಲ್ಪಿಗಳಿಗಾಗಲಿ ಕೊರತೆ ಇರಲಿಲ್ಲ. ಹೀಗೇಕೆ ಕಟ್ಟಿದರು ಎನ್ನುವುದಕ್ಕೆ ಮುಂದಿನ ತಲೆಮಾರಿನ ಚರಿತ್ರೆಕಾರ ಜೊವಾನ್ನಿ ವಿಲ್ಲಾನಿ ಕಾರಣ ಬರೆದಿಟ್ಟಿದ್ದಾನೆ: ಉಬೆರ್ತಿ ಮನೆತನದವರು ಊರಿಗೆ ದ್ರೋಹಿಗಳು, ಅವರ ಮನೆಗಳಿದ್ದ ಜಾಗದಲ್ಲಿ ಇನ್ನೆಂದೂ ಏನೂ ಏಳಬಾರದೆಂದು ಅದನ್ನು ಬಯಲು ಮಾಡಿದರು, ಅರಮನೆಯ ಅಡಿಪಾಯವೂ ಆ ನೆಲವನ್ನು ಮುಟ್ಟಬಾರದೆಂದು ಗೋಡೆಯನ್ನೇ ಓರೆಯಾಗಿ ಎತ್ತಿದರು.

ಇದನ್ನು ಓದಿದ ದಿನದಿಂದ ಈ ಜಾಗವನ್ನು ನೋಡಬೇಕೆಂಬ ಆಸೆ ನನ್ನೊಳಗೆ ಕೂತಿತ್ತು. ಅದಕ್ಕೆ ನನ್ನದೇ ಒಂದು ಕಾರಣವಿದೆ. ನಮ್ಮೂರಿನ ಪೇಟೆ ಬೀದಿ ಅಗಲ ಮಾಡಿದಾಗ ಅಜ್ಜನ ಮನೆಯ ಜಗಲಿಯೂ ಮುಂದಿನ ಕೋಣೆಯೂ ಹೋದವು. ನನಗಾಗ ಹತ್ತು ವರ್ಷ. ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ಹೋಗಿದ್ದರು. ಗೆರೆಯ ಆಚೆಗಿದ್ದದ್ದು ಇರಲಿಲ್ಲ ಅನ್ನುವ ಹಾಗೆ ಆಗಲು ಒಂದು ಬೆಳಗು ಸಾಕಾಯಿತು. ಅಂದಿನಿಂದ ಊರಿನ ನಡುವೆ ಅಗಲವಾದ ಖಾಲಿ ಜಾಗ ಕಂಡರೆ, ಇಲ್ಲಿ ಮೊದಲು ಯಾರಿದ್ದರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಉಬೆರ್ತಿಯವರ ಕಥೆ ಸರಳವಲ್ಲ. ಹದಿಮೂರನೇ ಶತಮಾನದ ಫ್ಲಾರೆನ್ಸ್ ಎರಡು ಪಕ್ಷಗಳಾಗಿ ಒಡೆದಿತ್ತು. ಪೋಪ್ ಕಡೆಯವರು ಗ್ವೆಲ್ಫರು, ಚಕ್ರವರ್ತಿಯ ಕಡೆಯವರು ಗಿಬೆಲಿನರು. ಗಿಬೆಲಿನರ ಮುಂದಾಳು ಫಾರಿನಾತಾ ದೆಲಿ ಉಬೆರ್ತಿ. 1258ರಲ್ಲಿ ಅವನ ಮನೆತನವನ್ನು ಊರಿನಿಂದ ಓಡಿಸಿದರು. 1260ರ ಸೆಪ್ಟೆಂಬರ್‌ನಲ್ಲಿ ಮೊಂತಾಪೆರ್ತಿ ಎಂಬಲ್ಲಿ, ಫ್ಲಾರೆನ್ಸ್‌ನ ಎದುರಾಳಿ ಊರಾದ ಸಿಯೆನಾದವರ ಜತೆ ಸೇರಿ ಅವನು ತನ್ನದೇ ಊರಿನ ಸೇನೆಯನ್ನು ಸೋಲಿಸಿದ. ಗೆದ್ದವರೆಲ್ಲ ಎಂಪೊಲಿಯಲ್ಲಿ ಸಭೆ ಸೇರಿ, ಫ್ಲಾರೆನ್ಸನ್ನು ನೆಲಸಮ ಮಾಡಿಬಿಡೋಣ ಎಂದಾಗ ಒಪ್ಪದೆ ಎದ್ದು ನಿಂತವನು ಇದೇ ಫಾರಿನಾತಾ. ಊರು ಉಳಿಯಿತು. ಆರೇಳು ವರ್ಷಗಳಲ್ಲಿ ಗ್ವೆಲ್ಫರು ಮರಳಿ ಬಂದರು. ಆ ಹೊತ್ತಿಗೆ ಫಾರಿನಾತಾ ಸತ್ತಿದ್ದ. 1283ರಲ್ಲಿ ಅವನ ಮೇಲೆ ಧರ್ಮದ್ರೋಹದ ಆರೋಪ ಹೊರಿಸಿ ಗೋರಿಯಿಂದ ಎಲುಬುಗಳನ್ನೂ ಅಗೆದು ತೆಗೆದರು. ಊರನ್ನು ಉಳಿಸಿದವನ ಮನೆ ಇದ್ದ ನೆಲ ಇವತ್ತಿಗೂ ಖಾಲಿ ಇದೆ, ಅದರ ಮೇಲೆ ಕೋಟ್ಯಂತರ ಜನ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಹಳೆಯ ಶಹರದ ಚೆಲುವಿನ ಬಗ್ಗೆ ಮಾತಾಡುವಾಗ ಇದನ್ನು ಬದಿಗಿಡಲು ನನ್ನಿಂದ ಆಗುವುದಿಲ್ಲ.

ಬಿಸಿಲೇರುವ ಮೊದಲು ಹಿಂದಿನ ಓಣಿಗಳಲ್ಲಿ ಸುತ್ತಿದೆವು. ಅಲ್ಲಲ್ಲಿ ಮನೆಗಳ ಸಾಲಿನ ನಡುವೆ ಒರಟು ಕಲ್ಲಿನ ಕಿರಿದಾದ ಗೋಡೆಗಳು ಕಾಣುತ್ತವೆ. ಅವು ಹಳೆಯ ಗೋಪುರಗಳ ಬುಡಗಳು. ಒಂದು ಕಾಲಕ್ಕೆ ದೊಡ್ಡ ಮನೆತನಕ್ಕೊಂದರಂತೆ ಇಲ್ಲಿ ನೂರಕ್ಕೂ ಹೆಚ್ಚು ಗೋಪುರಗಳಿದ್ದವು. ಪಕ್ಕದ ಬೀದಿಯ ಶತ್ರುವಿನ ಮೇಲೆ ಕಲ್ಲು ಬಾಣ ಸುರಿಯಲು ಕಟ್ಟಿಕೊಂಡವು. ಕೆಲವು 120 ಬ್ರಾಚಾ, ಅಂದರೆ ಸುಮಾರು 70 ಮೀಟರ್ ಎತ್ತರ. 1250ರಲ್ಲಿ ವ್ಯಾಪಾರಿಗಳು, ಕಸುಬುದಾರರು ಸೇರಿ ಅಧಿಕಾರ ಹಿಡಿದಾಗ ಮಾಡಿದ ಮೊದಲ ಕೆಲಸಗಳಲ್ಲೊಂದು, ಯಾವ ಗೋಪುರವೂ 50 ಬ್ರಾಚಾ ಮೀರಬಾರದೆಂಬ ಕಟ್ಟಳೆ. ಉಳಿದದ್ದನ್ನು ಕತ್ತರಿಸಿದರು. ಆ ಕಲ್ಲುಗಳು ನದಿಯಾಚೆಗಿನ ಊರಗೋಡೆಗೆ ಹೋದವು. ಆಮೇಲೆ ಸರಕಾರ ತನಗಾಗಿ ಕಟ್ಟಿಕೊಂಡ ಗೋಪುರ ಮಾತ್ರ 94 ಮೀಟರ್ ಏರಿತು. ಅದು ಅರಮನೆಯ ನಡುಮಧ್ಯಕ್ಕಿಲ್ಲ, ಒಂದು ಬದಿಗೆ ಸರಿದಿದೆ. ಫೊರಾಬೊಸ್ಕಿ ಎಂಬ ಮನೆತನದ ಹಳೆಯ ಗೋಪುರವನ್ನು ನುಂಗಿಕೊಂಡು ಅದರ ನೆತ್ತಿಯ ಮೇಲೆ ಎದ್ದದ್ದು ಅದು.

ಅರಮನೆಯ ಒಳಗಿನ ಐನೂರರ ಸಭಾಂಗಣದಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಊರನ್ನು ಆಳುತ್ತಿದ್ದ ಮೆದಿಚಿ ಮನೆತನವನ್ನು ಹೊರಗಟ್ಟಿದ 1494ರಲ್ಲಿ, ಊರಿನ ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ಕೂತು ತೀರ್ಮಾನ ಮಾಡಲೆಂದು ಸವೊನರೋಲಾ ಎಂಬ ಸನ್ಯಾಸಿಯ ಪ್ರೇರಣೆಯಿಂದ ಇದನ್ನು ಅವಸರದಲ್ಲಿ ಕಟ್ಟಿಸಿದರು. ಉದ್ದ 54 ಮೀಟರ್. ಮಗಳು ಹೆಜ್ಜೆ ಹಾಕಿ ಅಳೆಯಲು ಹೋಗಿ, ನಡುವೆ ಜನ ಅಡ್ಡ ಬಂದು ಲೆಕ್ಕ ತಪ್ಪಿತು. ನಾಲ್ಕೇ ವರ್ಷಕ್ಕೆ, 1498ರ ಮೇ 23ರಂದು, ಸವೊನರೋಲಾನನ್ನು ಇದೇ ಅರಮನೆಯ ಮುಂದೆ ನೇಣು ಹಾಕಿ ಸುಟ್ಟರು. ಹೊರಗೆ ನೆಲದಲ್ಲಿ ದುಂಡನೆಯ ಕಲ್ಲೊಂದು ಆ ಜಾಗ ತೋರಿಸುತ್ತದೆ. 1512ರಲ್ಲಿ ಮೆದಿಚಿಗಳು ಮರಳಿದಾಗ ಸಭಾಂಗಣದಲ್ಲಿ ಸೈನಿಕರು ಬೀಡು ಬಿಟ್ಟರು. ಮುಂದೆ ಹದಿನೇಳರ ಹರೆಯದಲ್ಲಿ ಪಟ್ಟಕ್ಕೆ ಬಂದ ಕೊಸಿಮೊ ದೆ ಮೆದಿಚಿ 1540ರಲ್ಲಿ ಈ ಅರಮನೆಯನ್ನೇ ತನ್ನ ವಾಸದ ಮನೆ ಮಾಡಿಕೊಂಡ. ಪ್ರಜೆಗಳು ಕೂರಲು ಕಟ್ಟಿದ ಸಭಾಂಗಣದ ಚಾವಣಿಯನ್ನು ಚಿತ್ರಕಾರನೂ ವಾಸ್ತುಶಿಲ್ಪಿಯೂ ಆಗಿದ್ದ ಜೊರ್ಜೊ ವಸಾರಿಯ ಕೈಯಲ್ಲಿ ಎತ್ತರಿಸಿ, ನಟ್ಟನಡುವೆ ದೇವರಂತೆ ತನ್ನನ್ನೇ ಬರೆಸಿಕೊಂಡ. ಒಂದು ಗೋಡೆಯ ಮೇಲೆ ಪೀಸಾ ಗೆದ್ದದ್ದು, ಎದುರು ಗೋಡೆಯ ಮೇಲೆ ಸಿಯೆನಾ ಗೆದ್ದದ್ದು. ಸಿಯೆನಾದ ಚಿತ್ರಗಳಲ್ಲಿ ಒಂದು ರಾತ್ರಿಯ ದಾಳಿಯದು. ಕತ್ತಲಲ್ಲಿ ಲಾಂದ್ರಗಳನ್ನು ಹಿಡಿದು ಸೈನಿಕರು ಕೋಟೆಯತ್ತ ನುಗ್ಗುತ್ತಿದ್ದಾರೆ. ಲಾಂದ್ರದ ಬೆಳಕು ಎಷ್ಟು ಚೆನ್ನಾಗಿ ಬಂದಿದೆಯೆಂದರೆ, ಅದು ಯಾರ ಮನೆ ಉರಿಸಲು ಹೊರಟ ಬೆಳಕು ಅನ್ನುವುದು ಒಂದು ಕ್ಷಣ ಮರೆತುಹೋಗುತ್ತದೆ.

ಮಧ್ಯಾಹ್ನ ಉಫಿಝಿ. ಆ ಹೆಸರಿನ ಅರ್ಥ ಕಚೇರಿಗಳು, ಅಷ್ಟೆ. ಊರ ತುಂಬ ಹರಡಿದ್ದ ನ್ಯಾಯಾಧಿಕಾರಿಗಳು, ಕಸುಬಿನ ಸಂಘಗಳು ಎಲ್ಲವನ್ನೂ ತನ್ನ ಮನೆಯ ಪಕ್ಕಕ್ಕೆ, ಕಣ್ಣಳತೆಯೊಳಗೆ ತಂದು ಕೂರಿಸಲು ಕೊಸಿಮೊ 1560ರಲ್ಲಿ ಇದನ್ನು ಶುರು ಮಾಡಿಸಿದ. ನದಿಯ ತನಕ ಚಾಚಿದ ಎರಡು ಉದ್ದ ಸಾಲುಗಳು, ಒಂದೇ ಅಳತೆಯ ಕಿಟಕಿಗಳು. ಫ್ಲಾರೆನ್ಸ್‌ನ ಓಣಿಗಳಲ್ಲಿ ಎರಡು ದಿನ ತಿರುಗಿದವರಿಗೆ ಆ ನೇರ ಗೆರೆ ಕಂಡಾಗ ಎದೆ ಸ್ವಲ್ಪ ಬಿಗಿಯುತ್ತದೆ. ಆ ಗೆರೆಗೆ ಅಡ್ಡ ಬಂದದ್ದನ್ನೆಲ್ಲ ತೆಗೆದರು. ಸ್ವಂತ ಕಟ್ಟಡವಿಲ್ಲದ ಕಾಲದಲ್ಲಿ ಊರಿನ ಸಭೆ ಸೇರುತ್ತಿದ್ದ ಸಾನ್ ಪಿಯೆರ್ ಸ್ಕೆರಾಜೊ ಎಂಬ ಚರ್ಚೂ ಹೊಸ ಕಟ್ಟಡದೊಳಗೆ ಕರಗಿಹೋಯಿತು. ಪಕ್ಕದ ವಿಯಾ ದೆಲ್ಲಾ ನಿನ್ನಾ ಓಣಿಯ ಗೋಡೆಯಲ್ಲಿ ಅದರ ಕಂಬಗಳು ಅರ್ಧ ಹೂತು ನಿಂತಿವೆ. ನಾನು ಒಂದನ್ನು ಮುಟ್ಟಿ ನೋಡಿದೆ.

ವಸಾರಿ ಕಟ್ಟಿದ ಮೇಲುದಾರಿಗೆ ಮೊದಲೇ ಟಿಕೆಟ್ ಮಾಡಿಸಿದ್ದೆವು. ಬಹಳ ವರ್ಷ ಮುಚ್ಚಿದ್ದ ಅದನ್ನು 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದ್ದಾರೆ. ಚಿಕ್ಕ ಗುಂಪುಗಳಲ್ಲಿ ಬಿಡುತ್ತಾರೆ. ಕೊಸಿಮೊನ ಮಗನಿಗೆ ಆಸ್ಟ್ರಿಯಾದ ರಾಜಕುಮಾರಿಯ ಜತೆ ಮದುವೆ ನಿಶ್ಚಯವಾದ 1565ರಲ್ಲಿ ಐದೇ ತಿಂಗಳಲ್ಲಿ ಇದನ್ನು ಕಟ್ಟಿ ಮುಗಿಸಿದರು. ಕಚೇರಿ ಇರುವ ಹಳೆಯ ಅರಮನೆಯಿಂದ, ನದಿಯಾಚೆಯ ಪಿತ್ತಿ ಅರಮನೆಗೆ ದೊರೆ ಬೀದಿಗಿಳಿಯದೆ ಹೋಗಬೇಕು, ಅದಕ್ಕೆ ಈ ದಾರಿ. ಅಂಗಡಿಗಳ ಮೇಲಿನಿಂದ, ಪೊಂತೆ ವೆಕ್ಕಿಯೊ ಸೇತುವೆಯ ಮೇಲಿನಿಂದ, ಮನೆಗಳ ನಡುವಿನಿಂದ ಅದು ಸಾಗುತ್ತದೆ.

ಒಳಗೆ ಏನೂ ಇಲ್ಲ. ಬರಿಯ ಸುಣ್ಣದ ಗೋಡೆ, ಇಟ್ಟಿಗೆ ಬಣ್ಣದ ನೆಲ, ಸಾಲಾಗಿ ಕಿಟಕಿ. ಅದೇ ನನಗೆ ಹಿಡಿಸಿತು. ಕಿಟಕಿಯಲ್ಲಿ ಇಣುಕಿದರೆ ಕೆಳಗಿನ ಬೀದಿಯ ಜನ ಕಾಣುತ್ತಾರೆ. ಅವರು ತಲೆ ಎತ್ತುವುದಿಲ್ಲ. ಸಾಂತಾ ಫೆಲಿಚಿತಾ ಚರ್ಚ್ ಬಂದಾಗ ದಾರಿ ಅದರ ಒಳಗಿನ ಒಂದು ಉಪ್ಪರಿಗೆಗೆ ತೆರೆದುಕೊಳ್ಳುತ್ತದೆ. ದೊರೆಯ ಕುಟುಂಬ ಇಲ್ಲಿ ಕೂತು, ಊರಿನವರ ನಡುವೆ ಬೆರೆಯದೆಯೇ ಪೂಜೆ ಕೇಳುತ್ತಿತ್ತು. ಹಿಂದಿನ ಡ್ಯೂಕ್ ಅಲೆಸ್ಸಾಂದ್ರೊ ತನ್ನ ನೆಂಟನ ಕೈಯಲ್ಲೇ ಕೊಲೆಯಾಗಿದ್ದ. ಪಟ್ಟದ ಜತೆಗೆ ಕೊಸಿಮೊಗೆ ಬಂದದ್ದು ಆ ಭಯವೂ ಹೌದು. ಅಷ್ಟು ದೂರವನ್ನು ಗೋಡೆಯೊಳಗೇ ನಡೆಯಬೇಕೆಂದುಕೊಂಡ ಮನುಷ್ಯನ ಬಗ್ಗೆ ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

ಸೇತುವೆಯ ದಕ್ಷಿಣದ ತುದಿಯಲ್ಲಿ ದಾರಿ ಇದ್ದಕ್ಕಿದ್ದಂತೆ ಮುರಿದು ಬದಿಗೆ ಸರಿಯುತ್ತದೆ. ಅಲ್ಲಿ ಮಾನ್ನೆಲ್ಲಿ ಮನೆತನದ ಹಳೆಯ ಗೋಪುರವಿದೆ. ಅದನ್ನು ಕೊರೆದು ದಾರಿ ಮಾಡಲು ಆ ಮನೆಯವರು ಒಪ್ಪಲಿಲ್ಲ. ಕೊಸಿಮೊ ಒತ್ತಾಯ ಮಾಡಲಿಲ್ಲ. ಹಾಗಾಗಿ ದೊರೆಯ ದಾರಿ ಕಲ್ಲಿನ ಚಾಚುಗಳ ಮೇಲೆ ಗೋಪುರವನ್ನು ಬಳಸಿಕೊಂಡು ಹೋಗಿದೆ. ಕೆಳಗಿಳಿದ ಮೇಲೆ ಹೊರಗಿನಿಂದ ಅದನ್ನು ನೋಡಲೆಂದೇ ಮತ್ತೆ ಸೇತುವೆಗೆ ಬಂದೆವು. "ಒಂದು ಮನೆ ಬೇಡ ಅಂದದ್ದಕ್ಕೆ ಇಷ್ಟು ಸುತ್ತು" ಅಂದಳು ಮಗಳು. ನನಗೆ ಅಜ್ಜ ನೆನಪಾದರು. ಆ ದಿನ ಅವರು ಜಗಲಿಯ ಮೇಲೆ ಕುರ್ಚಿ ಹಾಕಿ ಕೂತಿದ್ದರು, ಕೊನೆಗೆ ತಾವೇ ಎದ್ದು ಕುರ್ಚಿಯನ್ನು ಒಳಗಿಟ್ಟರು.

ಇವತ್ತು ಆ ಸೇತುವೆಯ ಮೇಲೆ ಚಿನ್ನದಂಗಡಿಗಳಷ್ಟೇ ಇವೆ. ಮೊದಲು ಇಲ್ಲಿದ್ದದ್ದು ಕಟುಕರು, ಮಾಂಸದಂಗಡಿಯವರು. ಮೇಲುದಾರಿಯಲ್ಲಿ ಓಡಾಡುವವರಿಗೆ ವಾಸನೆ ತಾಳದೆ, 1593ರಲ್ಲಿ ಫೆರ್ದಿನಾಂದೊ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಎದ್ದು ಹೋದವರ ಗುರುತಿಗೆ ಅಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ಕೆಡಹುವಿಕೆಯೂ ಇಲ್ಲೇ ನಡೆದಿದೆ. 1944ರ ಆಗಸ್ಟ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರಿನ ಉಳಿದೆಲ್ಲ ಸೇತುವೆಗಳನ್ನು ಸಿಡಿಸಿತು, ಇದೊಂದನ್ನು ಬಿಟ್ಟಿತು. ಆದರೆ ದಾಟಲು ಆಗದ ಹಾಗೆ ಎರಡೂ ತುದಿಯ ಹಳೆಯ ಬೀದಿಗಳನ್ನು ಮದ್ದಿಟ್ಟು ಉರುಳಿಸಿತು. ಸೇತುವೆ ಇಳಿದ ಕೂಡಲೇ ಸಿಗುವ ವಿಯಾ ಪೋರ್ ಸಾಂತಾ ಮರಿಯಾದ ಮನೆಗಳು ಯಾಕೆ ಅಷ್ಟು ಸಪಾಟು, ಅಷ್ಟು ಹೊಸತು ಎಂದು ಕೇಳುವವರಿಗೆ ಉತ್ತರ ಅದು.

ಪಿಯಾಝಾ ದೆಲ್ಲಾ ರೆಪುಬ್ಲಿಕಾ ನನಗೆ ಸೇರಲಿಲ್ಲ. ವಿಶಾಲವಾಗಿದೆ, ಕಾಫಿ ಚೆನ್ನಾಗಿದೆ, ಮಕ್ಕಳ ತಿರುಗುಕುದುರೆ ಇದೆ. ಆದರೆ 1571ರಲ್ಲಿ ಕೊಸಿಮೊ ಯಹೂದಿಗಳನ್ನು ಕೂಡಿಹಾಕಿದ ಗೆಟ್ಟೊ ಇದ್ದದ್ದು ಇಲ್ಲೇ. ಅದರ ಪಕ್ಕದಲ್ಲೇ ಊರಿನ ಹಳೆಯ ಮಾರುಕಟ್ಟೆ. ಇಟಲಿ ಒಂದಾಗಿ, 1865ರಿಂದ 1871ರ ತನಕ ಫ್ಲಾರೆನ್ಸ್ ರಾಜಧಾನಿಯಾಗಿದ್ದಾಗ ಊರನ್ನು ಹೊಸದು ಮಾಡುವ ಹುರುಪು ಹುಟ್ಟಿತು. ಮೊದಲು ಊರಗೋಡೆ ಹೋಯಿತು. 1880ರ ದಶಕದಿಂದ ಈ ಇಡೀ ಕೇರಿಯೇ ಹೋಯಿತು. ಇಲ್ಲಿನ ದೊಡ್ಡ ಕಮಾನಿನ ಮೇಲೆ 1895ರ ಬರಹವಿದೆ. ಶತಮಾನಗಳ ಕೊಳಕಿನಿಂದ ಊರಿನ ಹಳೆಯ ನಡುಭಾಗವನ್ನು ಹೊಸ ಬದುಕಿಗೆ ಮರಳಿಸಿದೆವು ಎಂಬ ಅರ್ಥದ್ದು. ಕೊಳಕು ಇದ್ದದ್ದು ನಿಜವಿರಬಹುದು. ಆದರೆ ಅಲ್ಲಿ ಬದುಕುತ್ತಿದ್ದ ಬಡವರ ಬಗ್ಗೆ ಆ ಕಲ್ಲಿನಲ್ಲಿ ಒಂದು ಪದವೂ ಇಲ್ಲ.

ಮರುದಿನ ಸಿಯೆನಾಗೆ ಬಸ್ ಹತ್ತಿದೆವು. ಒಂದೂಕಾಲು ಗಂಟೆಯ ದಾರಿ. ಮೊಂತಾಪೆರ್ತಿಯಲ್ಲಿ ಗೆದ್ದ ಊರು, ಮೂರು ಶತಮಾನದ ನಂತರ ಸೋತ ಊರು.

ಇಕ್ಕಟ್ಟಾದ ಓಣಿಯಿಂದ ಕಾಂಪೊ ಬಯಲಿಗೆ ಇಳಿದಾಗ ನಾನು ನಿಂತೇ ಬಿಟ್ಟೆ. ಚಿಪ್ಪಿನ ಆಕಾರದ, ಕೆಂಪು ಇಟ್ಟಿಗೆಯ, ಮೆಲ್ಲಗೆ ಇಳಿಜಾರಾದ ಬಯಲು. ಜನ ಅದರ ಮೇಲೆ ಅಂಗಳದಲ್ಲಿ ಕೂತ ಹಾಗೆ ಕೂತಿದ್ದರು, ಕೆಲವರು ಮಲಗಿದ್ದರು. ಮೂರು ದಿಬ್ಬಗಳು ಸೇರುವ ತಗ್ಗು ಇದು, ಮೊದಲು ಸಂತೆ ಸೇರುತ್ತಿದ್ದ ಜಾಗ. 1287ರಿಂದ 1355ರವರೆಗೆ ಊರನ್ನು ಆಳಿದ್ದು 'ಒಂಬತ್ತು ಮಂದಿ'. ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸಮಿತಿ, ಹೆಚ್ಚಿನವರು ವ್ಯಾಪಾರಿಗಳು, ಲೇವಾದೇವಿಯವರು. ಹಳೆಯ ಶ್ರೀಮಂತ ಮನೆತನಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಅವರೇ ಈ ಬಯಲಿಗೆ ಇಟ್ಟಿಗೆ ಹಾಸಿಸಿದರು. ಬಿಳಿ ಕಲ್ಲಿನ ಗೆರೆಗಳು ಅದನ್ನು ಒಂಬತ್ತು ಪಾಲು ಮಾಡಿವೆ. ಎಲ್ಲವೂ ಬೀಸಣಿಗೆಯ ಕಡ್ಡಿಗಳಂತೆ, ಬಯಲಿನ ತಳದಲ್ಲಿರುವ ಸಿಯೆನಾ ಸರಕಾರದ ಅರಮನೆಯ ಕಡೆಗೆ ಇಳಿಯುತ್ತವೆ. ಮಳೆನೀರೂ ಆ ಇಳಿಜಾರಿನಲ್ಲೇ ಹರಿದು ತಳದ ಗಂಡಿಯಲ್ಲಿ ಇಳಿಯುತ್ತದೆ. ಆಳುವವರ ಲೆಕ್ಕವನ್ನು ನೆಲದ ಮೇಲೆ ಬರೆದಿಟ್ಟದ್ದೂ ಸರಿ, ಚರಂಡಿಯ ಲೆಕ್ಕ ತಪ್ಪದ್ದೂ ಸರಿ. ಈ ಎರಡನೆಯದಕ್ಕೆ ನಾನು ಅವರನ್ನು ಹೆಚ್ಚು ಗೌರವಿಸುತ್ತೇನೆ. ಕುಡಿಯುವ ನೀರನ್ನು ನೆಲದಡಿಯ ಸುರಂಗಗಳಲ್ಲಿ ಇಲ್ಲಿಗೆ ತಂದವರೂ ಅವರೇ.

ಬಯಲಿನ ಸುತ್ತಲಿನ ಮನೆಗಳ ಕಿಟಕಿಗಳನ್ನು ನೋಡು ಅಂದೆ ಮಗಳಿಗೆ. 1297ರ ಕಟ್ಟಳೆಯೊಂದರ ಪ್ರಕಾರ ಯಾರೇ ಕಾಂಪೊ ಕಡೆಗೆ ಮುಖ ಮಾಡಿದ ಮನೆ ಕಟ್ಟಿದರೂ ಕಿಟಕಿಗಳಿಗೆ ನಡುವೆ ಸಣ್ಣ ಕಂಬಗಳಿರಬೇಕು, ಮುಂದಕ್ಕೆ ಚಾಚಿದ ಮೊಗಸಾಲೆಗಳಿರಕೂಡದು. ಅರಮನೆಯ ಕಿಟಕಿಗಳೂ ಅದೇ ಬಗೆಯವು. ಶ್ರೀಮಂತನ ಮನೆಯಾದರೂ ಸರಕಾರದ ಮನೆಯ ಧಾಟಿಯಲ್ಲೇ ಇರಬೇಕೆಂಬ ಹಟ ಅದು. ಇಲ್ಲಿ ಅಧಿಕಾರ ತನ್ನನ್ನು ತೋರಿಸಿಕೊಂಡದ್ದು ಗೋಡೆ ಉರುಳಿಸಿ ಅಲ್ಲ, ಅಳತೆ ಕೊಟ್ಟು. ಫ್ಲಾರೆನ್ಸ್‌ನಿಂದ ಬಂದವಳಿಗೆ ಅದು ತಂಪಾದ ಗಾಳಿಯಂತೆ ಅನ್ನಿಸಿತು.

ಆದರೆ ಅರಮನೆಯೊಳಗೆ ಒಂಬತ್ತು ಮಂದಿ ಕೂರುತ್ತಿದ್ದ ಕೋಣೆಗೆ ಹೋದ ಮೇಲೆ ಆ ನೆಮ್ಮದಿ ಪೂರ್ತಿ ಉಳಿಯಲಿಲ್ಲ. 1338-39ರಲ್ಲಿ ಅಂಬ್ರೋಜೊ ಲೊರೆನ್ಝೆತ್ತಿ ಅಲ್ಲಿನ ಗೋಡೆಗಳ ಮೇಲೆ ಒಳ್ಳೆಯ ಆಡಳಿತದ ಊರು, ಕೆಟ್ಟ ಆಡಳಿತದ ಊರು ಎರಡನ್ನೂ ಬರೆದಿದ್ದಾನೆ. ಒಳ್ಳೆಯ ಊರಿನಲ್ಲಿ ಕುಣಿತವಿದೆ, ಅಂಗಡಿಗಳಿವೆ, ಸಾರುವೆಯ ಮೇಲೆ ನಿಂತು ಗಾರೆಯವರು ಮನೆ ಕಟ್ಟುತ್ತಿದ್ದಾರೆ. ಕೆಟ್ಟ ಊರಿನಲ್ಲಿ ಗೋಡೆಗಳು ಉದುರುತ್ತಿವೆ, ಕೆಲಸ ಮಾಡುತ್ತಿರುವವನು ಆಯುಧ ಬಡಿಯುವ ಕಮ್ಮಾರ ಒಬ್ಬನೇ. ಆ ಉದುರಿದ ಗೋಡೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಕೆಟ್ಟ ಆಡಳಿತವನ್ನು ತೋರಿಸಬೇಕಾದಾಗ ಏಳು ಶತಮಾನದ ಹಿಂದಿನ ಚಿತ್ರಕಾರನಿಗೆ ಬಿದ್ದ ಮನೆಯೇ ಹೊಳೆದಿತ್ತು. ಒಳ್ಳೆಯ ಊರಿನ ಬಾಗಿಲಾಚೆ ಹೊಲಗಳ ಮೇಲೆ ರೆಕ್ಕೆಯ ಹೆಂಗಸೊಬ್ಬಳು ಹಾರುತ್ತಿದ್ದಾಳೆ. ಹೆಸರು ಸುರಕ್ಷೆ. ಒಂದು ಕೈಯಲ್ಲಿ ಯಾರೂ ಅಂಜದೆ ಓಡಾಡಲಿ ಎಂಬ ಬರಹ. ಇನ್ನೊಂದು ಕೈಯಲ್ಲಿ ಪುಟ್ಟ ನೇಣುಗಂಬ, ಅದರಲ್ಲಿ ತೂಗುತ್ತಿರುವ ಮನುಷ್ಯ.

"ಒಳ್ಳೆಯ ಊರಲ್ಲೂ?" ಅಂದಳು ಮಗಳು.

"ಒಳ್ಳೆಯ ಊರಲ್ಲೂ."

ಊರಿನ ಮುಖ್ಯ ಚರ್ಚಾದ ಕತೆದ್ರಾಲ್ ಬದಿಯಲ್ಲಿ ಇನ್ನೊಂದು ಬಯಲಿದೆ. 1339ರಲ್ಲಿ ಫ್ಲಾರೆನ್ಸ್‌ಗಿಂತ ದೊಡ್ಡದಾಗಬೇಕೆಂದು ಸಿಯೆನಾ ಹೊಸ ದೇವಾಲಯ ಶುರು ಮಾಡಿತು. ಈಗಿರುವ ಇಡೀ ಕತೆದ್ರಾಲ್ ಅದರ ಅಡ್ಡತೋಳು ಮಾತ್ರ ಆಗಬೇಕಿತ್ತು. 1348ರ ಪ್ಲೇಗ್ ಬಂತು. ಕಟ್ಟುವವರೂ ಕಟ್ಟಿಸುವವರೂ ಹೋದರು. ಉಳಿದ ಕಂಬಗಳಲ್ಲಿ ಬಿರುಕು ಕಂಡು 1357ರಲ್ಲಿ ಕೆಲಸ ಕೈಬಿಟ್ಟರು. ಒಂಟಿ ಮುಂಗೋಡೆಯೊಂದು ಆಕಾಶಕ್ಕೆ ತೆರೆದ ಕಿಟಕಿಯ ಜತೆ ನಿಂತಿದೆ. ಒಳಗಿನ ಸುರುಳಿ ಮೆಟ್ಟಿಲಿನಲ್ಲಿ ಅದರ ನೆತ್ತಿಗೆ ಹತ್ತಿದೆವು. ಕೆಳಗೆ, ದೇವಾಲಯದ ನಡುಸಾಲೆ ಆಗಬೇಕಿದ್ದ ಜಾಗದಲ್ಲಿ ಕಾರುಗಳು ನಿಂತಿದ್ದವು.

ಸಂಜೆ ಊರಿನ ಅಂಚಿನ ಕೋಟೆಗೆ ನಡೆದೆವು. ಮೊದಲು ಅಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸ್ಪ್ಯಾನಿಷ್ ಪಡೆ ಕೋಟೆ ಕಟ್ಟಲು ಹೊರಟಿತ್ತು. 1552ರಲ್ಲಿ ಊರೇ ತಿರುಗಿಬಿದ್ದು ಪಡೆಯನ್ನು ಅಟ್ಟಿ, ಆ ಗೋಡೆಗಳನ್ನು ಕೆಡವಿ ಹಾಕಿತು. ಮೂರು ವರ್ಷಕ್ಕೆ, ಉದ್ದ ಮುತ್ತಿಗೆಯಲ್ಲಿ ಹಸಿದು ಕಂಗೆಟ್ಟು, 1555ರ ಏಪ್ರಿಲ್‌ನಲ್ಲಿ ಸಿಯೆನಾ ಶರಣಾಯಿತು. 1561ರಲ್ಲಿ ಕೊಸಿಮೊ ಅದೇ ಕಡೆ ತನ್ನ ಕೋಟೆ ಎತ್ತಿಸಿದ. ಫ್ಲಾರೆನ್ಸ್‌ನ ಚಾವಣಿಯಲ್ಲಿ ದೇವರಾಗಿ ಕೂತವನದೇ ಕೆಲಸ ಇದು. ಕೊತ್ತಳದ ಮೂಲೆಯಲ್ಲಿ ಮೆದಿಚಿಗಳ ಗುಂಡುಗಳ ಲಾಂಛನ ಇನ್ನೂ ಇದೆ.

ಹದಿನೆಂಟನೇ ಶತಮಾನದಲ್ಲೇ ಫಿರಂಗಿಗಳು ಹೋದವು. ಈಗ ಅದು ಊರಿನವರು ವಾಯುವಿಹಾರಕ್ಕೆ ಬರುವ ತೋಟ. ಇಟ್ಟಿಗೆ ಗೋಡೆಯ ಮೇಲೆ ಸಾಲುಮರಗಳು, ಅವುಗಳ ಕೆಳಗೆ ನಾಯಿ ಹಿಡಿದು ನಡೆಯುವವರು, ಓಡುವವರು, ಕೈಗಾಡಿಯಲ್ಲಿ ಮಗು ತಳ್ಳುವವರು. ನಾವೂ ಒಂದು ಸುತ್ತು ಬಂದೆವು. ಊರಿನ ಕಡೆಗೆ ಚಾಚಿದ ಕೊತ್ತಳದ ತುದಿಯ ಬೆಂಚಿನಲ್ಲಿ ಒಬ್ಬ ಮುದುಕ ಕೂತಿದ್ದ. ನಾವು ಹತ್ತಿರ ಹೋದಾಗ ಸರಿದು ಜಾಗ ಕೊಟ್ಟ. ಕಾಂಪೊ ಅರಮನೆಯ ಮಾಂಜಾ ಗೋಪುರದ ಮೇಲೆ ಕೊನೆಯ ಬಿಸಿಲಿತ್ತು. ಮಗಳಿಗೆ ಇಟಾಲಿಯನ್ ಬರುತ್ತದೆ. ಇಲ್ಲಿಂದ ಊರು ತುಂಬ ಚೆನ್ನಾಗಿ ಕಾಣುತ್ತದೆ ಅಂದಳು.

ಹೌದು, ಅಂದ ಮುದುಕ. ಅದಕ್ಕೇ ಅವರು ಇಲ್ಲಿ ಕಟ್ಟಿದ್ದು.